ನಮ್ಮದೇ ಹೆಸರಿನಲ್ಲಿ ಬರುತ್ತಿದ್ದ ಕಳ್ಳ ಮೇಲ್‌ಗಳು: ನನ್ನ ಅನುಭವ

ನಮ್ಮ ಡೊಮೈನ್ (ಮೇಲ್ ವಿಳಾಸದಲ್ಲಿ @ ಆದಮೇಲಿನ ಹೆಸರು) ಕದ್ದು ಬರುವ ಮೇಲ್‌ಗಳನ್ನು ಏನು ಮಾಡಬೇಕು ಅಂತ ಬೇರೆ ಸರ್ವರ್‌ಗಳಿಗೆ ಹೇಳುವ ಡಿಮಾರ್ಕ್ ಪಾಲಿಸಿಯನ್ನು ರಿಜೆಕ್ಟ್‌ಗೆ, ಅಂದರೆ ಬಾಗಿಲಲ್ಲೇ ತಿರಸ್ಕರಿಸಿ ಅನ್ನುವ ಮಟ್ಟಕ್ಕೆ, ಏರಿಸುತ್ತೇನೆ ಅಂದಾಗ ಹೂಂ ಅಂದವರು ಕಡಿಮೆ. "ಒಳ್ಳೆ ಮೇಲ್‌ಗಳೂ ಹೋಗುತ್ತವೆ, ಸುಮ್ನೆ 'ನನ್' (none, ಏನನ್ನೂ ತಡೆಯದ) ಪಾಲಿಸಿಯಲ್ಲೇ ಬಿಡು" ಅಂದವರೇ ಜಾಸ್ತಿ. ಅವರ ಹೆದರಿಕೆಗೆ ಕಾರಣ ಇಲ್ಲದಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ಏಕಾಏಕಿ ರಿಜೆಕ್ಟ್ ಹಾಕಿದಾಗ ಎಷ್ಟೋ ಮೇಲಿಂಗ್ ಲಿಸ್ಟ್‌ಗಳು (ಒಬ್ಬರ ಮೇಲನ್ನು ಗುಂಪಿಗೆಲ್ಲ ಹಂಚುವ ವಿಳಾಸಗಳು) ಎಡವಟ್ಟಾಗಿದ್ದವು. ಆದರೂ ಹಾಕಿದೆ. ಅಲ್ಲಿಂದ ಈಚೆಗೆ ನಮ್ಮ ಡೊಮೈನ್ ಹೆಸರು ಕದ್ದು ಬರುವ ಮೇಲ್ ಒಂದೂ ನಮ್ಮ ಇನ್‌ಬಾಕ್ಸ್ ಮುಟ್ಟಿಲ್ಲ.

ನಮಗೆ ಜಾಸ್ತಿ ಕಾಟ ಕೊಟ್ಟದ್ದು ಆಫೀಸಿನ ದೊಡ್ಡವರ ವಿಳಾಸದಿಂದ ಅಕೌಂಟ್ಸ್‌ಗೆ ಬರುತ್ತಿದ್ದ ಮೇಲ್‌ಗಳು. ಬಿಲ್ ಅರ್ಜೆಂಟ್, ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೇ ಹಣ ಹಾಕಿ. ಅಷ್ಟೇ, ಎರಡು ಸಾಲು. ಜೊತೆಗೆ ನಮ್ಮ ವಿಳಾಸದಿಂದ ನಮಗೇ ಬರುವ ಬೆದರಿಕೆ: "ನಿನ್ನ ಕಂಪ್ಯೂಟರ್ ನನ್ನ ಕೈಯಲ್ಲಿದೆ, ನಂಬದಿದ್ದರೆ ಯಾರಿಂದ ಬಂದಿದೆ ನೋಡು, ಬಿಟ್‌ಕಾಯಿನ್ ಕಳಿಸು."

ವಿಳಾಸ ಬ್ಲಾಕ್ ಮಾಡೋಣ ಅಂದರೆ ಅದು ನಮ್ಮದೇ. ಐಪಿ ಬ್ಲಾಕ್ ಮಾಡಿದರೆ ಮರುದಿನ ಬೇರೆ ಐಪಿ. ಒಬ್ಬ ಸಲಹೆಗಾರರು ಎಲ್ಲರ ಪಾಸ್‌ವರ್ಡ್ ಬದಲಿಸಿ ಅಂದರು. ಬದಲಿಸಿದೆವು, ಜನ ಬೈದರು, ಮೇಲ್ ಬರುತ್ತಲೇ ಇತ್ತು. ಬರದೆ ಏನು? ಅಕೌಂಟಿಗೆ ಯಾರೂ ನುಗ್ಗಿರಲೇ ಇಲ್ಲ, ಬಳಸುತ್ತಿದ್ದದ್ದು ಹೆಸರನ್ನು ಮಾತ್ರ.

ದುಡ್ಡು ಸುರಿದದ್ದು ಫಿಲ್ಟರ್‌ಗೆ. ಮೇಲ್‌ಬಾಕ್ಸ್ ಲೆಕ್ಕದಲ್ಲಿ ತಿಂಗಳ ಬಾಡಿಗೆ. ನೆನಪಿನ ಮೇಲೆ ಹೇಳುವುದಾದರೆ, ನಮ್ಮ ಇಡೀ ಮೇಲ್ ಹೋಸ್ಟಿಂಗ್ ಖರ್ಚಿನ ಒಂದೂವರೆ ಪಟ್ಟು. ಔಷಧಿ, ಲಾಟರಿ ಎಲ್ಲ ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಆ ಎರಡು ಸಾಲಿನ ಮೇಲ್‌ನಲ್ಲಿ ಲಿಂಕೂ ಇಲ್ಲ, ಅಟ್ಯಾಚ್‌ಮೆಂಟೂ ಇಲ್ಲ, ಪಾಪ ಅದಾದರೂ ಏನನ್ನು ಹಿಡಿಯಬೇಕು? ಸೆಟ್ಟಿಂಗ್ಸ್ ಕೆದಕಿದರೆ ಇನ್ನೊಂದು ವಿಷಯ ಸಿಕ್ಕಿತು. ಒಳಗಿನ ಮೇಲ್ ತಡವಾಗಬಾರದು ಅಂತ ಅದನ್ನು ಕೂರಿಸಿದವರು ನಮ್ಮ ಡೊಮೈನನ್ನೇ ವೈಟ್‌ಲಿಸ್ಟ್ ಮಾಡಿಟ್ಟಿದ್ದರು! ನಿಮ್ಮಲ್ಲೂ ಇದನ್ನು ಮೊದಲು ನೋಡಿ.

ನಮ್ಮ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ ಎಸ್‌ಪಿಎಫ್. ಅದನ್ನು ಮೈನಸ್ ಆಲ್‌ಗೆ (ಪಟ್ಟಿಯಲ್ಲಿ ಇಲ್ಲದವರು ಯಾರೂ ಬೇಡ) ಬಿಗಿ ಮಾಡಿದರೂ ಉಪಯೋಗ ಆಗಲಿಲ್ಲ. ಸ್ಪ್ಯಾಮರ್ ಎನ್ವಲಪ್‌ನಲ್ಲಿ (ಸರ್ವರ್‌ಗಳು ನೋಡುವ, ಎಸ್‌ಪಿಎಫ್ ಪರೀಕ್ಷಿಸುವ ವಿಳಾಸ) ತನ್ನ ಡೊಮೈನ್ ಇಟ್ಟು, ಓದುವವರಿಗೆ ಕಾಣುವ ಫ್ರಮ್ ಸಾಲಿನಲ್ಲಿ ನಮ್ಮದು ಬರೆದು, ಎಸ್‌ಪಿಎಫ್ ಪಾಸ್ ಮಾಡಿಕೊಂಡೇ ಬರುತ್ತಿದ್ದ. ಪಾಸ್ ಆದ ಡೊಮೈನೂ ಫ್ರಮ್ ಸಾಲಿನ ಡೊಮೈನೂ ಹೊಂದಬೇಕು ಅನ್ನುವ ಡಿಮಾರ್ಕ್ ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ.

ಮೊದಲು 'ನನ್' ಇಟ್ಟು, ನಮ್ಮ ಹೆಸರಲ್ಲಿ ಎಲ್ಲಿಂದೆಲ್ಲ ಮೇಲ್ ಹೋಗುತ್ತಿದೆ ಅನ್ನುವ ವರದಿ ತರಿಸಿಕೊಂಡೆ. ದಿನಾ ಬರುವ ಎಕ್ಸ್‌ಎಂಎಲ್ ಜಿಪ್‌ಗಳನ್ನು ಓದಿಕೊಡಲು ದುಡ್ಡಿನ ಸೇವೆಗಳಿವೆ. ನಾನು ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡೆ, ನೂರು ಸಾಲೂ ಇಲ್ಲ. ನಿಜವಾದ ಕೆಲಸ ಇದ್ದದ್ದು ಇಲ್ಲೇ, ಎರಡು ಮೂರು ತಿಂಗಳು ಹಿಡಿಯಿತು. ನಮ್ಮ ಹೆಸರಲ್ಲಿ ಮೇಲ್ ಕಳಿಸುವವರು ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ಇದ್ದರು. ನ್ಯೂಸ್‌ಲೆಟರ್ ಸೇವೆ, ಬಿಲ್ಲಿಂಗ್ ಸಾಫ್ಟ್‌ವೇರ್, ಯಾರೋ ಯಾವಾಗಲೋ ಶುರು ಮಾಡಿದ ಸರ್ವೆ, ಮೂಲೆಯಲ್ಲಿದ್ದ ಹಳೇ ಸ್ಕ್ಯಾನರ್ ಕೂಡ. ಇವರೆಲ್ಲರ ಪಟ್ಟಿಗಳನ್ನು ನಮ್ಮ ಎಸ್‌ಪಿಎಫ್‌ಗೆ ಇನ್‌ಕ್ಲೂಡ್ ಅಂತ ಸೇರಿಸುತ್ತಾ ಹೋದರೆ, ಅದರ 10 ಲುಕಪ್ (ಡಿಎನ್‌ಎಸ್‌ನಲ್ಲಿ ಹುಡುಕಾಟ) ಮಿತಿ ದಾಟಿ ಪರ್ಮ್ ಎರರ್, ಅಂದರೆ ಇಡೀ ಪಟ್ಟಿಯೇ ಕೆಟ್ಟ ಹಾಗೆ. ನ್ಯೂಸ್‌ಲೆಟರನ್ನು ಸಬ್‌ಡೊಮೈನ್‌ಗೆ ಸಾಗಿಸಿ ಜಾಗ ಮಾಡಿದೆ. ನಮ್ಮ ಡೊಮೈನ್‌ನಲ್ಲಿ ಡಿಕಿಮ್ ಸಹಿ (ಮೇಲ್ ಈ ಡೊಮೈನ್‌ನದೇ, ದಾರಿಯಲ್ಲಿ ತಿದ್ದಿಲ್ಲ ಅಂತ ತೋರಿಸುವ ಡಿಜಿಟಲ್ ಮುದ್ರೆ) ಬೇಕೆಂದರೆ ಮೇಲಿನ ಪ್ಲಾನ್ ಕೊಳ್ಳಿ ಅಂದರು ನ್ಯೂಸ್‌ಲೆಟರ್‌ನವರು. ಕೊಂಡೆವು. ಫಿಲ್ಟರ್ ನಿಲ್ಲಿಸಿ ಉಳಿಸಿದ ಹಣದಲ್ಲಿ ಕಾಲು ಭಾಗ ಹೋಗಿರಬೇಕು. ಬಿಲ್ಲಿಂಗ್‌ನವರಿಗೆ ಡಿಕಿಮ್ ಅಂದರೇ ಗೊತ್ತಿರಲಿಲ್ಲ. ಅದನ್ನೂ ಸ್ಕ್ಯಾನರನ್ನೂ ನಮ್ಮ ಸರ್ವರ್ ಮೂಲಕವೇ ಹಾಯಿಸಿದೆ.

ಆಮೇಲೆ ಕ್ವಾರಂಟೈನ್ (ಸ್ಪ್ಯಾಮ್‌ಗೆ ಹಾಕಿ ಅನ್ನುವ ನಡುವಿನ ಮಟ್ಟ), ಮೊದಲು ನೂರಕ್ಕೆ ಹತ್ತು ಮೇಲ್‌ಗಳಿಗೆ ಮಾತ್ರ. ನಂತರ ಪೂರ್ತಿ, ನಂತರ ರಿಜೆಕ್ಟ್. ಇದರ ಜೊತೆಗೆ ನಮ್ಮ ಸರ್ವರ್ ಕೂಡ ಆ ಪಾಲಿಸಿಗೆ ತಲೆಬಾಗಬೇಕು. ಸರ್ವರ್‌ನಲ್ಲಿ ಸ್ಪ್ಯಾಮ್ ಸೋಸುವ ಸಾಫ್ಟ್‌ವೇರ್ ಆರ್‌ಸ್ಪ್ಯಾಮ್‌ಡಿಯಲ್ಲಿ ಡಿಮಾರ್ಕ್ ಆಕ್ಷನ್ ನಾವೇ ಹೇಳದಿದ್ದರೆ ಅದು ಬರೀ ಅಂಕ ಕೂಡಿಸುತ್ತಾ ಕೂರುತ್ತದೆ. ಹೋಗುತ್ತವೆ ಅಂದಿದ್ದ ಒಳ್ಳೆ ಮೇಲ್‌ಗಳು? ಪೆಟ್ಟು ತಿಂದದ್ದು ಕೆಲವೇ ಕೆಲವು. ದಾರಿಯಲ್ಲಿ ಮೇಲ್‌ನ ಬಾಡಿ ತಿದ್ದುವ ಫಾರ್ವರ್ಡಿಂಗ್ ವಿಳಾಸಗಳವು. ಅವರಿಂದ ನೇರ ವಿಳಾಸ ತೆಗೆದುಕೊಂಡೆವು, ಮುಗೀತು. ನಾವು ಕಳಿಸದ ಮೇಲ್‌ಗಳ ಬೌನ್ಸ್ (ತಲುಪಲಿಲ್ಲ ಅಂತ ವಾಪಸ್ ಬರುವ ಸೂಚನೆ) ದಿನಕ್ಕೆ ಇನ್ನೂರು ಮುನ್ನೂರು ಬರುತ್ತಿತ್ತು, ಈಗ ವಾರಕ್ಕೆ ಹತ್ತೂ ಇಲ್ಲ. 2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ ಡಿಮಾರ್ಕ್ ಕಡ್ಡಾಯ ಮಾಡಿದವು. ಎಲ್ಲರೂ ಓಡಾಡುತ್ತಿದ್ದಾಗ ನಾನು ಕಾಲು ಚಾಚಿ ಕೂತಿದ್ದೆ, ಅದನ್ನು ಹೇಳದೆ ಇರಲಾರೆ.

ನಡುವೆ ಒಂದು ಅಡ್ಡ ಪ್ರಯೋಗ. ಹೊರಗಿನ ಮೇಲ್‌ಗಳ ಸಬ್ಜೆಕ್ಟ್‌ಗೆ "ಹೊರಗಿನದು" ಅಂತ ಪಟ್ಟಿ ಅಂಟಿಸಿ ನೋಡಿದೆ. ಸಬ್ಜೆಕ್ಟ್ ಬದಲಾದರೆ ಡಿಕಿಮ್ ಸಹಿ ಮುರಿಯುತ್ತದೆ, ಬೇರೆ ಕಡೆ ಫಾರ್ವರ್ಡ್ ಆದ ಮೇಲ್‌ಗಳು ಅಲ್ಲಿ ಒದ್ದಾಡಿದವು. ಜನರೂ ಎರಡು ವಾರದಲ್ಲಿ ಆ ಪಟ್ಟಿ ನೋಡುವುದನ್ನೇ ಬಿಟ್ಟರು. ತೆಗೆದುಹಾಕಿದೆ.

ಬಾಗಿಲು ಮುಚ್ಚಿದ ಮೇಲೆ ಕಳ್ಳರು ಕಿಟಕಿಗೆ ಬಂದರು. ಯಾವುದೋ ಉಚಿತ ಮೇಲ್ ವಿಳಾಸ, ಅದರ ಮುಂದೆ ನಮ್ಮವರ ಹೆಸರು. ಫೋನಿನಲ್ಲಿ ಕಾಣುವುದು ಹೆಸರು ಮಾತ್ರ, ಅಲ್ವಾ? ಡಿಮಾರ್ಕ್ ಇಲ್ಲಿ ಕೈಕಟ್ಟಿ ಕೂರುತ್ತದೆ, ಯಾಕೆಂದರೆ ಆ ವಿಳಾಸ ಅಸಲಿಯೇ. ಇದಕ್ಕೆ ಹತ್ತು ಹನ್ನೆರಡು ಮುಖ್ಯ ಹೆಸರುಗಳ ಪಟ್ಟಿ ಮಾಡಿ, ಹೆಸರು ಹೊಂದಿ ಡೊಮೈನ್ ಹೊಂದದಿದ್ದರೆ ತಡೆಹಿಡಿಯುವ ರೂಲ್ ಬರೆದೆ. ಅವರ ಖಾಸಗಿ ವಿಳಾಸಗಳಿಗೆ ರಿಯಾಯಿತಿ. ಹೆಸರಿನ ಸ್ಪೆಲ್ಲಿಂಗ್ ಆಚೀಚೆ ಮಾಡಿದರೂ ಹಿಡಿಯುವುದಕ್ಕೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಸ್ಪ್ಯಾಮರ್‌ಗಳಿಗೂ ಓದು ಬರುತ್ತದೆ. ನಮ್ಮ ನಿರ್ದೇಶಕರ ಹೆಸರಿನವರೇ ಒಬ್ಬ ಗ್ರಾಹಕರಿದ್ದಾರೆ. ಅವರ ಮೇಲ್ ಪದೇಪದೇ ಸಿಕ್ಕಿಬಿದ್ದು, ಕೊನೆಗೆ ಅವರಿಗೂ ರಿಯಾಯಿತಿ ಕೊಟ್ಟೆವು.

ಮೇಲ್‌ಗೆ ಬಳಸದ ಹಳೇ ಡೊಮೈನ್‌ಗಳು ನಿಮ್ಮ ಹತ್ತಿರವೂ ಬಿದ್ದಿರಬಹುದು. ಮುಖ್ಯ ಡೊಮೈನ್ ಬಿಗಿಯಾದ ಕೆಲವೇ ವಾರದಲ್ಲಿ ನಮ್ಮ ಒಂದು ಹಳೇ ಡೊಮೈನ್ ಹೆಸರಲ್ಲಿ ಮೇಲ್ ಶುರುವಾಯಿತು. ಇವಕ್ಕೆ ತಿಂಗಳುಗಟ್ಟಲೆ ವರದಿ ಓದುವ ಕಷ್ಟ ಇಲ್ಲ. ಬರೀ ಮೈನಸ್ ಆಲ್ ಇರುವ ಎಸ್‌ಪಿಎಫ್, ನಲ್ ಎಂಎಕ್ಸ್ (ಈ ಡೊಮೈನ್ ಮೇಲ್ ತೆಗೆದುಕೊಳ್ಳುವುದಿಲ್ಲ ಅನ್ನುವ ದಾಖಲೆ), ಡಿಮಾರ್ಕ್ ರಿಜೆಕ್ಟ್. ಮೂರನ್ನೂ ಒಂದೇ ಸಂಜೆ ಹಾಕಿ ಮುಗಿಸಿದೆ.