ಅಂಪೈರ್ ಒಬ್ಬರೇ, ಡಗೌಟ್ ಎರಡು: ಬೇಸ್‌ಬಾಲ್ ಪಂದ್ಯ ನಡೆಸುವುದು ಹೇಗೆ?

1890ರ ದಶಕದಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲೂ ಸಾಮಾನ್ಯವಾಗಿ ಒಬ್ಬನೇ ಅಂಪೈರ್ ಇರುತ್ತಿದ್ದ. ಅವನ ಕಣ್ಣು ಚೆಂಡಿನ ಹಿಂದೆ ಹೋದ ಕೂಡಲೇ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಆಟಗಾರರ ಕಿತಾಪತಿ ಶುರುವಾಗುತ್ತಿತ್ತು. ಒಂದೊಂದಾಗಿ ಎಲ್ಲ ಬೇಸ್ ಮುಟ್ಟುತ್ತಾ ಓಡಬೇಕಾದ ರನ್ನರ್ ಎರಡನೇ ಬೇಸ್ ಮುಟ್ಟದೆ ಅಡ್ಡ ಹಾಯ್ದು ಸೀದಾ ಮೂರನೇ ಬೇಸ್‌ಗೆ ಓಡುತ್ತಿದ್ದ. ಮೂರನೇ ಬೇಸ್ ಕಾಯುತ್ತಿದ್ದ ಜಾನ್ ಮೆಗ್ರಾ ಎದುರಾಳಿ ರನ್ನರ್‌ನ ಬೆಲ್ಟ್ ಹಿಡಿದು ನಿಲ್ಲಿಸುತ್ತಿದ್ದ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ.

ಈಗ ಅಲ್ಲಿನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್ ಪಂದ್ಯಕ್ಕೆ ನಾಲ್ಕು ಅಂಪೈರ್‌ಗಳು, ಅದರ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ಗೆ ಆರು. ಆದರೆ ಮಕ್ಕಳ ಲೀಗ್, ಶಾಲಾ ತಂಡ, ವಾರಾಂತ್ಯದ ಹವ್ಯಾಸಿ ಪಂದ್ಯಗಳಲ್ಲಿ ಇಂದಿಗೂ ಎಷ್ಟೋ ಸಲ ಒಬ್ಬರೇ ನಿಭಾಯಿಸಬೇಕು. ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಸುವ ಎಸೆತ, ಮೂರಾದರೆ ಔಟ್) ಅವರೇ ಹೇಳಬೇಕು, ಫೌಲ್ (ಗೆರೆಯ ಹೊರಗೆ ಹೋದ ಹೊಡೆತ) ಅವರೇ ನೋಡಬೇಕು, ನೂರಕ್ಕೂ ಹೆಚ್ಚು ಅಡಿ ದೂರದ ಟ್ಯಾಗ್‌ಗೂ (ಚೆಂಡು ಹಿಡಿದ ಕೈಯಿಂದ ರನ್ನರ್‌ನನ್ನು ಮುಟ್ಟುವುದು) ಅವರೇ ತೀರ್ಪು ಕೊಡಬೇಕು. ಮೇಲಿಂದ ಎರಡೂ ಕಡೆ ಕೋಚ್‌ಗಳ ಕೂಗು ಬೇರೆ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೋಚ್‌ಗೆ ನಿಮ್ಮ ತೀರ್ಪಿನ ಮೇಲೆ ಬರುವ ಕೋಪಕ್ಕಿಂತ, ನೀವು ನಿಂತಲ್ಲೇ ನಿಂತು ತೀರ್ಪು ಕೊಟ್ಟಿರಲ್ಲ ಎಂಬ ಕೋಪ ಜಾಸ್ತಿ. ಹಾಗಾಗಿ ಕೋಚ್‌ಗಳನ್ನು ನಿಭಾಯಿಸುವ ಕೆಲಸದ ಅರ್ಧ ಭಾಗ ಬಾಯಿಂದ ಅಲ್ಲ, ಕಾಲಿಂದ ಆಗುತ್ತದೆ.

ಪಂದ್ಯಕ್ಕೆ ಮೊದಲು

ಬೇಗ ಹೋಗಿ. ಮೈದಾನ ಒಂದು ಸುತ್ತು ಹಾಕಿ. ಬೇಲಿಯಲ್ಲಿ ತೂತು ಇದೆಯಾ, ಮರದ ಕೊಂಬೆ ಫೇರ್ ನೆಲದ (ಎರಡು ಫೌಲ್ ಗೆರೆಗಳ ಒಳಗಿನ ಜಾಗದ) ಮೇಲೆ ಚಾಚಿದೆಯಾ, ತಂಡ ಕೂರುವ ಡಗೌಟ್‌ಗೆ ಬಾಗಿಲಿದೆಯಾ ನೋಡಿಕೊಳ್ಳಿ. ಚೆಂಡು ಅಲ್ಲಿಗೆ ಹೋದರೆ ಏನು ಎಂಬುದನ್ನು ಆಟ ಶುರುವಾಗುವ ಮುಂಚೆಯೇ ತೀರ್ಮಾನ ಮಾಡಿರಬೇಕು.

ಮಾಸ್ಕ್, ಎದೆಗವಚ, ಕಾಲಿನ ಗಾರ್ಡ್, ಗಟ್ಟಿ ಮುಂಭಾಗದ ಶೂ, ಚೆಂಡಿನ ಚೀಲ, ಹೋಮ್ ಪ್ಲೇಟ್ (ಬ್ಯಾಟರ್ ಪಕ್ಕದ ನೆಲದ ಫಲಕ) ಒರೆಸುವ ಬ್ರಷ್, ಎಣಿಕೆಯ ಕ್ಲಿಕರ್ ಇಷ್ಟು ಬೇಕೇ ಬೇಕು. ಕ್ಲಿಕರ್ ಎಡಗೈಯಲ್ಲಿರಲಿ. ಮಾಸ್ಕ್ ತೆಗೆಯುವುದೂ ಎಡಗೈಯಿಂದಲೇ. ಆಗ ಬಲಗೈ ಸನ್ನೆಗೆ ಖಾಲಿ ಇರುತ್ತದೆ.

ನಂತರ ಹೋಮ್ ಪ್ಲೇಟ್ ಹತ್ತಿರ ಇಬ್ಬರು ಮುಖ್ಯ ಕೋಚ್‌ಗಳನ್ನೂ ಕರೆಯಿರಿ. ಆಟಗಾರರ ಪಟ್ಟಿ ತೆಗೆದುಕೊಳ್ಳಿ, ಮೈದಾನದ ನಿಯಮ ಹೇಳಿ. ಆಮೇಲೆ, ತುಂಬಾ ಜನ ಹೇಳದೆ ಬಿಡುವ ಮಾತನ್ನು ನೀವು ಹೇಳಿ: "ಇವತ್ತು ನಾನೊಬ್ಬನೇ. ಕೆಲವು ಆಟವನ್ನು ದೂರದಿಂದ ನೋಡಬೇಕಾಗುತ್ತದೆ. ಬ್ಯಾಟ್ ಅರ್ಧಕ್ಕೆ ತಡೆದಿದ್ದಾರಾ ಇಲ್ಲವಾ ಅನ್ನೋದಕ್ಕೆ ಕೇಳಲು ಬೇಸ್ ಅಂಪೈರ್ ಇಲ್ಲ, ಅದೂ ನನ್ನದೇ ತೀರ್ಪು. ಏನಾದರೂ ಕೇಳೋದಿದ್ದರೆ ಟೈಮ್ ಕೇಳಿ, ನೀವೇ ಬನ್ನಿ. ಸಹಾಯಕ ಕೋಚ್‌ಗಳು ಬೇಡ."

ಇದನ್ನು ಕ್ಷಮೆ ಕೇಳುವ ಧಾಟಿಯಲ್ಲಿ ಹೇಳಬೇಡಿ. ಮೂರನೇ ಇನ್ನಿಂಗ್ಸ್‌ನಲ್ಲಿ ಯಾರಾದರೂ ಕೂಗಿಕೊಂಡು ಬಂದಾಗ, ಈ ಮಾತನ್ನು ಇಬ್ಬರೂ ಮೊದಲೇ ಕೇಳಿಸಿಕೊಂಡಿರುತ್ತಾರೆ.

ಎಲ್ಲಿ ನಿಲ್ಲಬೇಕು

ಒಬ್ಬರೇ ಅಂಪೈರ್ ಇದ್ದಾಗ ಮೈದಾನದಲ್ಲಿ ಎಲ್ಲಿ ಬೇಕಾದರೂ ನಿಲ್ಲಲು ಅಧಿಕೃತ ನಿಯಮಗಳು ಬಿಡುತ್ತವೆ. ಬೇಸ್‌ಗಳಲ್ಲಿ ರನ್ನರ್ ಇದ್ದಾಗ ಚೆಂಡು ಎಸೆಯುವ ಪಿಚರ್ ಹಿಂದೆ ನಿಲ್ಲುವವರೂ ಇದ್ದಾರೆ. ನನ್ನ ಸಲಹೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹಿಂದೆಯೇ ನಿಲ್ಲಿ. ಪಿಚರ್ ಹಿಂದಿನಿಂದ ಬೇಸ್‌ಗಳು ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಹೋಮ್ ಪ್ಲೇಟ್ ಅಕ್ಕಪಕ್ಕದ ಫೌಲ್, ಬ್ಯಾಟರ್‌ನ ಅಂಗಿಗೆ ಸವರಿ ಹೋದ ಚೆಂಡು, ನೆಲಕ್ಕೆ ತಾಗಿದ ಮೂರನೇ ಸ್ಟ್ರೈಕ್ ಇವೆಲ್ಲ ಅಲ್ಲಿಂದ ಸರಿಯಾಗಿ ಕಾಣುವುದಿಲ್ಲ.

ಕ್ಯಾಚರ್‌ಗೂ ಬ್ಯಾಟರ್‌ಗೂ ನಡುವೆ ಒಂದು ಸಂದು ಇರುತ್ತದೆ. ಅಲ್ಲಿ ನಿಂತು, ನಿಮ್ಮ ಗದ್ದ ಕ್ಯಾಚರ್‌ನ ತಲೆಯ ಮಟ್ಟಕ್ಕೆ ಬರುವಷ್ಟು ಬಗ್ಗಿ. ಚೆಂಡನ್ನು ಕಣ್ಣಲ್ಲೇ ಹಿಂಬಾಲಿಸಿ, ತಲೆ ಅಲುಗಾಡಬಾರದು. ಪ್ಲೇಟ್ ಅಗಲ 17 ಇಂಚು. ಸ್ಟ್ರೈಕ್ ವಲಯದ ಮೇಲಿನ ಗೆರೆ ಭುಜಕ್ಕೂ ಪ್ಯಾಂಟ್‌ನ ಮೇಲಂಚಿಗೂ ಸರಿ ಮಧ್ಯದಲ್ಲಿದೆ, ಕೆಳಗಿನದು ಮೊಣಕಾಲು ಚಿಪ್ಪಿನ ಕೆಳಗಿನ ಗುಳಿಯಲ್ಲಿ. ಚೆಂಡಿನ ಒಂದು ಅಂಚು ಆ ವಲಯಕ್ಕೆ ತಾಗಿದರೂ ಸ್ಟ್ರೈಕ್. ಚೆಂಡು ಗ್ಲೌವ್ ಸೇರಿದ ಮೇಲೆ ಒಂದು ಕ್ಷಣ ತಡೆದು ಹೇಳಿ. ಆತುರದಲ್ಲಿ ಹೇಳಿದ ಸ್ಟ್ರೈಕ್‌ಗೆ ಡಗೌಟ್‌ನಿಂದ ಗೊಣಗಾಟ ಬರುವುದು ಖಂಡಿತ. ಮೊದಲ ಇನ್ನಿಂಗ್ಸ್‌ನಲ್ಲಿ ಕೊಟ್ಟ ಕೆಳಗಿನ ಸ್ಟ್ರೈಕನ್ನು ಕೊನೆಯ ಇನ್ನಿಂಗ್ಸ್‌ನಲ್ಲೂ ಕೊಡಿ. ವಲಯ ಸ್ವಲ್ಪ ದೊಡ್ಡದಾಗಿದ್ದರೂ ಕೋಚ್‌ಗಳು ಹೊಂದಿಕೊಳ್ಳುತ್ತಾರೆ, ಇನ್ನಿಂಗ್ಸ್‌ಗೊಂದು ವಲಯ ಆದರೆ ಯಾರೂ ಸಹಿಸುವುದಿಲ್ಲ.

ಚೆಂಡು ಹೊಡೆದ ಮೇಲೆ

ಇದೇ ಕಷ್ಟದ ಭಾಗ. ದೊಡ್ಡವರ ಮೈದಾನದಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ. ಹೋಮ್ ಪ್ಲೇಟ್‌ನಿಂದ ಎರಡನೇ ಬೇಸ್‌ಗೆ 127 ಅಡಿಗೂ ಜಾಸ್ತಿ. ಅಷ್ಟು ದೂರ ಪ್ರತಿ ಸಲ ಓಡಿ ಮುಟ್ಟಲು ಯಾರಿಂದಲೂ ಆಗದು. ಮುಟ್ಟಬೇಕಾಗಿಯೂ ಇಲ್ಲ. ಹತ್ತಿರ ಹೋಗುವುದಕ್ಕಿಂತ ಸರಿಯಾದ ಕೋನ ಸಿಗುವುದು ಮುಖ್ಯ. ಹತ್ತು ಅಡಿ ದೂರದಲ್ಲಿದ್ದರೂ ಫೀಲ್ಡರ್‌ನ ಬೆನ್ನು ಅಡ್ಡ ಬಂದರೆ ಏನೂ ಕಾಣುವುದಿಲ್ಲ. ಅರವತ್ತು ಅಡಿ ಆಚೆಯಿಂದ ಗ್ಲೌವ್‌ಗೂ ರನ್ನರ್‌ಗೂ ನಡುವಿನ ಜಾಗ ಕಂಡರೆ ತೀರ್ಪು ಕೊಡಬಹುದು.

ಬೇಸ್‌ಗಳು ಖಾಲಿ ಇದ್ದಾಗ ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆಗೆ ಚೆಂಡು ಉರುಳಿತು ಅಂದುಕೊಳ್ಳಿ. ಮಾಸ್ಕ್ ತೆಗೆದು, ಕ್ಯಾಚರ್‌ಗೆ ಅಡ್ಡವಾಗದಂತೆ ಹೊರಬಂದು, ಫೇರ್ ನೆಲದೊಳಕ್ಕೆ ಪಿಚರ್ ದಿಬ್ಬದ ಕಡೆ ಓಡಿ. ಎಸೆತದ ದಾರಿಗೆ ಮಾತ್ರ ಬರಬೇಡಿ. ಫೀಲ್ಡರ್ ಚೆಂಡು ಎಸೆಯುವ ಹೊತ್ತಿಗೆ ನಿಂತುಬಿಡಿ. ಇನ್ನೂ ಮೂರು ಹೆಜ್ಜೆ ಮುಂದೆ ಹೋಗಬಹುದಿತ್ತು ಅನಿಸಿದರೂ ನಿಲ್ಲಿ, ಓಡುತ್ತಾ ನೋಡಿದರೆ ನೋಟವೂ ಕುಣಿಯುತ್ತದೆ. ಎಸೆತ ನೇರವಾಗಿದೆ ಅಂತ ಗೊತ್ತಾದ ಮೇಲೆ ಕಣ್ಣು ಮೊದಲನೇ ಬೇಸ್ ಮೇಲೆ, ಕಿವಿ ಗ್ಲೌವ್ ಕಡೆ. ಪಾದ ಬೇಸ್ ಮುಟ್ಟುವುದನ್ನು ನೋಡಬೇಕು, ಚೆಂಡು ಗ್ಲೌವ್‌ಗೆ ಬೀಳುವ ಸದ್ದನ್ನು ಕೇಳಬೇಕು. ಯಾವುದು ಮೊದಲು ಅಂತ ಹೇಳಬೇಕು. ಚೆಂಡು ಕೈಜಾರಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೈ ಎತ್ತಿ.

ಚೆಂಡು ಗೆರೆಯ ಪಕ್ಕದಲ್ಲೇ ಹೋದರೆ ಈ ಓಟ ಬೇಡ. ಮೊದಲು ಗೆರೆಯ ಮೇಲೆ ನಿಂತು ಫೇರೋ ಫೌಲೋ ಹೇಳಿ. ಫೇರ್ ಆದರೆ ಬಾಯಿ ಬಿಡದೆ ಕೈ ತೋರಿಸಿ, ಫೌಲ್ ಆದರೆ ಮಾತ್ರ ಜೋರಾಗಿ ಕೂಗಿ.

ರನ್ನರ್‌ಗಳು ಇದ್ದಾಗ ಒಂದು ಸರದಿ ಇಟ್ಟುಕೊಳ್ಳಿ: ಮೊದಲು ಚೆಂಡು ಫೇರಾ, ಕ್ಯಾಚ್ ಆಯಿತಾ, ಆಮೇಲೆ ಎಲ್ಲರಿಗಿಂತ ಮುಂದಿರುವ ರನ್ನರ್, ಉಳಿದವರು ಬೇಸ್ ಮುಟ್ಟಿದ್ದಾರಾ ಅಂತ ಒಂದು ಓರೆನೋಟ. ಎಲ್ಲವೂ ಕಾಣುವುದಿಲ್ಲ. ಕ್ಯಾಚ್ ಆಗುವ ಮೊದಲೇ ಮೂರನೇ ಬೇಸ್‌ನಿಂದ ಹೊರಟ, ಎರಡನೆಯದನ್ನು ಮುಟ್ಟಲೇ ಇಲ್ಲ ಅಂತ ಎದುರಾಳಿಗಳು ಅಪೀಲ್ ಮಾಡಿದಾಗ ನಿಮ್ಮ ಕಣ್ಣಿಗೆ ಬಿದ್ದಿರದಿದ್ದರೆ ಉತ್ತರ ಒಂದೇ: ಸೇಫ್. ನೋಡದ ಔಟ್ ಕೊಡಬಾರದು. ಹತ್ತು ಜನ ಕೂಗಿದರೂ ಕೊಡಬಾರದು.

ಬೇಸ್ ಕದಿಯುವ (ಪಿಚ್ ಆಗುವಾಗಲೇ ರನ್ನರ್ ಮುಂದಿನ ಬೇಸ್‌ಗೆ ಓಡುವ) ಆಟದಲ್ಲಿ ಕ್ಯಾಚರ್ ಎಸೆದ ತಕ್ಷಣ ಪಕ್ಕಕ್ಕೆ ಸರಿದು ಎರಡು ಮೂರು ಹೆಜ್ಜೆ ಮುಂದೆ ಬನ್ನಿ. ಅಷ್ಟಕ್ಕೇ ಸಮಯ ಸಿಗುವುದು. ಆದರೂ ಆ ಹೆಜ್ಜೆಗಳನ್ನು ಡಗೌಟ್‌ನಲ್ಲಿ ಕೂತವರೆಲ್ಲ ನೋಡಿರುತ್ತಾರೆ.

ಕೋಚ್ ಬಂದಾಗ

ಕೋಚ್ ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ನಿಯಮ ತಪ್ಪಾಗಿ ಬಳಸಿದ್ದೀರಿ ಅಂತ. ಇದನ್ನು ಗಂಭೀರವಾಗಿ ಕೇಳಬೇಕು. ಒಬ್ಬರು ಮಾತ್ರ ಔಟ್ ಆಗಿದ್ದಾರೆ, ಮೊದಲನೇ ಬೇಸ್‌ನಲ್ಲಿ ರನ್ನರ್ ಇದ್ದಾನೆ, ಮೂರನೇ ಸ್ಟ್ರೈಕ್ ಕ್ಯಾಚರ್ ಕೈಯಿಂದ ಜಾರಿತು. ಇಲ್ಲಿ ಬ್ಯಾಟರ್ ಓಡುವಂತಿಲ್ಲ, ಅವನು ಔಟ್. ಇಬ್ಬರು ಔಟ್ ಆಗಿದ್ದರೆ ಓಡಬಹುದು. ಇಂಥದ್ದನ್ನು ನೀವು ತಪ್ಪು ಹೇಳಿದ್ದರೆ ಸಮಯ ತೆಗೆದುಕೊಳ್ಳಿ, ಯೋಚಿಸಿ, ಸರಿ ಮಾಡಿ, ಇನ್ನೊಬ್ಬ ಕೋಚ್‌ಗೂ ಕಾರಣ ಹೇಳಿ. ನಿಯಮದ ವಿಷಯದಲ್ಲಿ ಹಟ ಹಿಡಿಯಬೇಡಿ.

ಇನ್ನೊಂದು, ಔಟ್ ಅಥವಾ ಸೇಫ್, ಬಾಲ್ (ವಲಯದ ಹೊರಗೆ ಹೋದ ಎಸೆತ) ಅಥವಾ ಸ್ಟ್ರೈಕ್ ಎಂಬ ಅಂದಾಜಿನ ತೀರ್ಪು. ನಿಯಮದ ಪ್ರಕಾರ ಇದು ಅಂತಿಮ. ಆದರೂ ಬಂದವರ ಮಾತು ಒಂದು ಸಲ ಕೇಳಿಸಿಕೊಳ್ಳಿ. ನೀವಾಗಿ ಡಗೌಟ್ ಕಡೆ ನಡೆಯಬೇಡಿ, ಅವರೇ ಬರಲಿ. ಎದೆಗೆ ಎದೆ ಕೊಟ್ಟು ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ. ಕೈ ಕಟ್ಟಬೇಡಿ, ಬೆರಳು ತೋರಿಸಬೇಡಿ. ಮಾತು ಹೀಗೆ ಸಾಗಬಹುದು:

"ಟ್ಯಾಗ್ ಆಗಲೇ ಇಲ್ಲ! ಅವನ ಕೈ ಆಗಲೇ ಬೇಸ್ ಮೇಲಿತ್ತು!"

"ಕೈ ಬೇಸ್ ಮುಟ್ಟುವ ಮೊದಲೇ ಗ್ಲೌವ್ ಮೊಣಕಾಲಿಗೆ ತಗುಲಿದ್ದು ನನಗೆ ಕಂಡಿತು ಕೋಚ್."

"ಅಷ್ಟು ದೂರದಿಂದ ನಿಮಗೆ ಹೇಗೆ ಕಾಣುತ್ತೆ?"

"ಇನ್ನೊಬ್ಬ ಅಂಪೈರ್ ಇದ್ದಿದ್ದರೆ ಹತ್ತಿರದಿಂದ ನೋಡುತ್ತಿದ್ದರು. ಇವತ್ತು ನನಗೆ ಸಿಕ್ಕ ಜಾಗದಿಂದ ಅದು ಔಟ್."

"ಇದು ಅನ್ಯಾಯ!"

ಇಲ್ಲಿ ಸುಮ್ಮನಾಗಿ. ಕೊನೆಯದು ಪ್ರಶ್ನೆ ಅಲ್ಲ. ಪ್ರಶ್ನೆಗೆ ಉತ್ತರ ಕೊಡಿ, ಉದ್ಗಾರಕ್ಕೆ ಬೇಡ. ಕೋಚ್‌ಗೆ ತನ್ನ ಹುಡುಗರ ಪರ ನಿಂತೆ ಅಂತ ತೋರಿಸಬೇಕಿರುತ್ತದೆ, ಅಲ್ವಾ? ಅದಕ್ಕೆ ಅರ್ಧ ನಿಮಿಷ ಜಾಗ ಕೊಟ್ಟರೆ ಮುಕ್ಕಾಲು ಪಾಲು ಜಗಳ ಅಲ್ಲಿಗೇ ಮುಗಿಯುತ್ತದೆ. ಆಮೇಲೂ ನಿಂತರೆ, "ನಿಮ್ಮ ಮಾತು ಕೇಳಿದ್ದೇನೆ ಕೋಚ್. ಈಗ ಆಟ ಮುಂದುವರಿಸೋಣ" ಅಂತ ಹೇಳಿ, ನಿಮ್ಮ ಜಾಗಕ್ಕೆ ಹೊರಡಿ.

ಡಗೌಟ್‌ನಿಂದ ಬರುವ ಒಂದೊಂದು ಗೊಣಗಾಟಕ್ಕೂ ತಲೆ ಎತ್ತಬೇಡಿ. ಒಮ್ಮೆ ನೋಡಿದರೆ ಸಾಕು, ಇವರಿಗೆ ತಗುಲುತ್ತಿದೆ ಅಂತ ಗೊತ್ತಾಗಿ ಗೊಣಗಾಟ ಜಾಸ್ತಿಯಾಗುತ್ತದೆ. ಬೇಕಾದರೆ ಟೈಮ್ ಕೊಟ್ಟು ಪ್ಲೇಟ್ ಒರೆಸಲು ಬಗ್ಗಿ. ಆ ಹೊತ್ತಿನಲ್ಲಿ ಉಸಿರು ತೆಗೆದುಕೊಳ್ಳಬಹುದು, ಕ್ಯಾಚರ್ ಜೊತೆ ಮೆಲ್ಲಗೆ ಒಂದು ಮಾತೂ ಆಡಬಹುದು. ಒಳ್ಳೆಯ ಕ್ಯಾಚರ್ ತನ್ನ ಕೋಚ್‌ಗೆ, "ಅದು ಹೊರಗೇ ಇತ್ತು" ಅಂತ ತಾನೇ ಹೇಳಿಬಿಡುತ್ತಾನೆ. ನಿಮ್ಮ ನೂರು ಮಾತಿಗಿಂತ ಅದು ಕೆಲಸ ಮಾಡುತ್ತದೆ.

ತಪ್ಪಾದರೆ

2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಅರ್ಮಾಂಡೋ ಗಲಾರಾಗ ಎಂಬ ಪಿಚರ್ ಒಬ್ಬರನ್ನೂ ಬೇಸ್ ಮುಟ್ಟಲು ಬಿಡದೆ 26 ಮಂದಿಯನ್ನು ಔಟ್ ಮಾಡಿದ್ದರು. ಪಂದ್ಯ ಮುಗಿಯಲು ಒಂದು ಔಟ್ ಬಾಕಿ. 27ನೆಯವರನ್ನು ಮೊದಲನೇ ಬೇಸ್‌ನಲ್ಲಿ ಅಂಪೈರ್ ಜಿಮ್ ಜಾಯ್ಸ್ ಸೇಫ್ ಅಂದರು. ಅದು ಔಟ್ ಆಗಿತ್ತು. ಪಂದ್ಯದ ನಂತರ ವಿಡಿಯೊ ನೋಡಿದ ಜಾಯ್ಸ್ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು, ಗಲಾರಾಗ ಹತ್ತಿರ ಕ್ಷಮೆ ಕೇಳಿದರು. ಮರುದಿನ ತಂಡದ ಪಟ್ಟಿಯನ್ನು ಜಾಯ್ಸ್ ಕೈಗೆ ಕೊಡಲು ಬಂದವರು ಗಲಾರಾಗ ಅವರೇ.

ಜಾಯ್ಸ್ ಜೊತೆ ಅಂದು ಇನ್ನೂ ಮೂವರು ಅಂಪೈರ್‌ಗಳಿದ್ದರು. ಒಬ್ಬರೇ ಇರುವ ನಿಮಗೆ ತಪ್ಪಾಗದೆ ಇರುತ್ತದೆಯೇ? ಕೋಚ್ ಮರ್ಯಾದೆಯಿಂದ ಕೇಳಿದರೆ, "ಫೀಲ್ಡರ್ ಅಡ್ಡ ಬಂದರು, ನನಗೆ ಪೂರ್ತಿ ಕಾಣಲಿಲ್ಲ" ಅಂತ ನಿಜ ಹೇಳಿ. ತೀರ್ಪು ಬದಲಾಗದಿದ್ದರೂ ಸಿಟ್ಟು ಇಳಿಯುತ್ತದೆ. ಆದರೆ ಒಂದು ತಪ್ಪನ್ನು ಸರಿದೂಗಿಸಲು ಮುಂದಿನ ಇನ್ನಿಂಗ್ಸ್‌ನಲ್ಲಿ ಆ ತಂಡಕ್ಕೆ ಇನ್ನೊಂದು ತೀರ್ಪು ದಾನ ಮಾಡಬೇಡಿ. ಒಂದು ತಪ್ಪು ಎರಡಾಗುತ್ತದೆ, ಮತ್ತು ಎರಡನೆಯದು ಬೇಕಂತಲೇ ಮಾಡಿದ್ದು.

ಗೆರೆ ದಾಟಿದಾಗ

ವೈಯಕ್ತಿಕವಾಗಿ ಬೈದರೆ, ಮೋಸಗಾರ ಅಂದರೆ, ಹೊಲಸು ಮಾತಾಡಿದರೆ, ಹೇಳಿದ್ದನ್ನೇ ಹೇಳುತ್ತಾ ಆಟ ನಿಲ್ಲಿಸಿದರೆ ಅದು ವಾದ ಅಲ್ಲ. "ಆ ಪಿಚ್ ಕೆಟ್ಟದಾಗಿತ್ತು" ಅನ್ನುವುದಕ್ಕೂ "ನೀವು ಕೆಟ್ಟವರು" ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದನ್ನು ನುಂಗಿಕೊಳ್ಳಬಹುದು. ಎರಡನೆಯದನ್ನು ನುಂಗಬಾರದು, ಅದರಲ್ಲೂ ಮಕ್ಕಳ ಎದುರಿಗೆ.

ಸಾಮಾನ್ಯವಾಗಿ ಮೊದಲು ಎಚ್ಚರಿಕೆ. ಅಂಗೈ ಎತ್ತಿ, ದನಿ ಏರಿಸದೆ, "ಕೋಚ್, ಸಾಕು. ಇದು ಎಚ್ಚರಿಕೆ" ಅನ್ನಿ. ಪಟ್ಟಿಯ ಹಿಂದೆ ಇನ್ನಿಂಗ್ಸ್ ಮತ್ತು ಮಾತು ಬರೆದುಕೊಳ್ಳಿ. ಬರೆಯುವುದು ಅವರಿಗೆ ಕಾಣಲಿ. ಬಾಲ್, ಸ್ಟ್ರೈಕ್ ವಾದಿಸಲು ಮತ್ತೆ ಡಗೌಟ್‌ನಿಂದ ಹೊರಬಂದರೆ, ಅಥವಾ ಬೈಗುಳ ಮುಂದುವರಿದರೆ ಹೊರಗೆ ಕಳಿಸಿ. ಮೈಮುಟ್ಟಿದರೆ, ಬೆದರಿಸಿದರೆ ಎಚ್ಚರಿಕೆಯ ಅಗತ್ಯವೇ ಇಲ್ಲ. ಒಂದು ಸಲ ಹೇಳಿ, ಅಲ್ಲಿಂದ ದೂರ ನಡೆಯಿರಿ. ಕೈಬೀಸುವ ನಾಟಕ ಬೇಡ. ಮುಂದಿನ ಮಾತೆಲ್ಲ ಸಹಾಯಕ ಕೋಚ್ ಜೊತೆ: "ಅವರು ಹೊರಗೆ ಹೋಗುವವರೆಗೆ ಆಟ ಶುರುವಾಗುವುದಿಲ್ಲ." ಹೋಗದಿದ್ದರೆ ಏನು, ಎಷ್ಟು ಹೊತ್ತು ಕಾಯಬೇಕು ಎಂಬುದು ಆಯಾ ಲೀಗ್‌ನ ನಿಯಮದಲ್ಲಿರುತ್ತದೆ. ಪಂದ್ಯಕ್ಕೆ ಮೊದಲೇ ಓದಿಕೊಂಡಿರಿ. ಪ್ರೇಕ್ಷಕರ ಜೊತೆ ನೇರ ಮಾತು ಬೇಡವೇ ಬೇಡ. ಆ ಕಡೆಯ ಗಲಾಟೆ ನೋಡಿಕೊಳ್ಳಲು ಸಂಘಟಕರಿಗೆ ಹೇಳಿ.

ಪಂದ್ಯ ಮುಗಿದ ಮೇಲೆ ಅಲ್ಲಿ ಸುಳಿದಾಡಬೇಡಿ. ಜೊತೆಗೆ ಇನ್ನೊಬ್ಬರು ಇಲ್ಲದಿರುವಾಗ ಗಾಡಿಯನ್ನು ಡಗೌಟ್‌ಗಳಿಂದ ದೂರ, ಹೊರಹೋಗುವ ದಾರಿಯ ಹತ್ತಿರ ನಿಲ್ಲಿಸಿರುವುದು ಒಳ್ಳೆಯದು. ವರದಿ ಅಂದೇ ಬರೆಯಿರಿ. ಯಾವ ಇನ್ನಿಂಗ್ಸ್, ಎಷ್ಟು ಔಟ್, ಯಾವ ತೀರ್ಪು, ಕೋಚ್ ಏನಂದರು, ನೀವು ಏನಂದಿರಿ ಅಷ್ಟೇ ಸಾಕು. ಅವರು ಆಡಿದ ಮಾತನ್ನು ಇದ್ದ ಹಾಗೇ ಹಾಕಿ, "ಅಸಭ್ಯವಾಗಿ ಮಾತಾಡಿದರು" ಅಂತ ಮುಚ್ಚಬೇಡಿ. ಅವರ ಸ್ವಭಾವದ ಬಗ್ಗೆ ಅಭಿಪ್ರಾಯ ಬೇಡ. ಶಿಕ್ಷೆ ಎಷ್ಟು ಅಂತ ಲೀಗ್ ನೋಡಿಕೊಳ್ಳುತ್ತದೆ.

ಮುಂದಿನ ವಾರ ಅದೇ ಕೋಚ್ ಹೋಮ್ ಪ್ಲೇಟ್ ಹತ್ತಿರ ಪಟ್ಟಿ ಹಿಡಿದು ಬಂದರೆ ಹಳೆಯದನ್ನು ಎತ್ತಬೇಡಿ. ಕೈಕುಲುಕಿ, ಮೈದಾನದ ನಿಯಮ ಹೇಳಿ, ಆ ದಿನವೂ ಒಬ್ಬರೇ ಇದ್ದರೆ ಅದನ್ನೂ ಮತ್ತೆ ಹೇಳಿ, ಆಟ ಶುರು ಮಾಡಿ.