ಸೊಳ್ಳೆ ಮರಿ ಹುಡುಕುವುದು ಹೇಗೆ? ಹುಡುಗರಿಗೊಂದು ಭಾನುವಾರದ ಕೆಲಸ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಊರಿಗೆ ಕಾಲೇಜು ಹುಡುಗರ ಶಿಬಿರಕ್ಕೆ ಹೋಗಿದ್ದೆ. ಒಂದು ತಂಡಕ್ಕೆ 'ಪರಿಸರ', ಇನ್ನೊಂದು ತಂಡಕ್ಕೆ 'ಆರೋಗ್ಯ'. ಪರಿಸರದವರು ಊರಿನ ಪ್ಲಾಸ್ಟಿಕ್ ಎಲ್ಲ ಹೆಕ್ಕಿದರು. ಆರೋಗ್ಯದವರು ಡೆಂಗಿ ಬ್ಯಾನರ್ ಹಿಡಿದು ಬೀದಿ ಸುತ್ತಿದರು. ಹೆಕ್ಕಿದ ಲೋಟ, ಬಾಟಲಿಗಳನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟದೆ ಒಂದು ಗೋಡೆಯ ಹಿಂದೆ ಇಟ್ಟು ಎಲ್ಲರೂ ಊಟಕ್ಕೆ ಹೋದರು. ಹತ್ತು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದೆ. ಚೀಲಗಳು ಅಲ್ಲೇ ಇದ್ದವು. ಮೇಲಿನ ಲೋಟಗಳಲ್ಲಿ ಮಳೆನೀರು ನಿಂತಿತ್ತು, ಒಂದೊಂದರಲ್ಲೂ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬ್ಯಾನರ್ ಮನೆಯಲ್ಲೇ ಇರಲಿ. ಹತ್ತು ಹುಡುಗ ಹುಡುಗಿಯರು ಒಂದು ಭಾನುವಾರ ಬೆಳಿಗ್ಗೆ ಕೂತು ನೋಡಿದರೆ ಒಂದು ಕೇರಿಯ ಸೊಳ್ಳೆ ಮರಿಗಳನ್ನು ಹುಡುಕಿ ಮುಗಿಸಬಹುದು. ಆರೋಗ್ಯ ಇಲಾಖೆಯವರು ಇದನ್ನು ಲಾರ್ವಾ ಸಮೀಕ್ಷೆ ಅನ್ನುತ್ತಾರೆ.

ಯಾವಾಗ, ಏನು ಹಿಡಿದು?

ಜಡಿಮಳೆಯಲ್ಲಿ ಹೋಗಬೇಡಿ. ಧೋ ಎಂದು ಸುರಿಯುವಾಗ ಮರಿಗಳೆಲ್ಲ ಕೊಚ್ಚಿ ಹೋಗಿರುತ್ತವೆ, ನಿಮಗೆ ಏನೂ ಸಿಗುವುದಿಲ್ಲ. ಮೇ ತಿಂಗಳ ಅಡ್ಡಮಳೆ, ಆಮೇಲೆ ಬಿಟ್ಟು ಬಿಟ್ಟು ಬರುವ ಮಳೆಯ ದಿನಗಳು ಸರಿಯಾದ ಹೊತ್ತು. ಬೇಕಾದ್ದು ಟಾರ್ಚ್, ಇಂಕ್ ಫಿಲ್ಲರ್, ತೆಂಗಿನ ನಾರು, ಸೀಮೆಸುಣ್ಣ, ನೋಟ್‌ಬುಕ್, ಒಂದು ಬಿಳಿ ಬಟ್ಟಲು. ಬಿಳಿಯದೇ ಆಗಬೇಕು. ಸ್ಟೀಲಿನ ಬಟ್ಟಲಲ್ಲಿ ನಿಮ್ಮ ಮುಖ ಕಾಣುತ್ತದೆ, ಮರಿ ಕಾಣುವುದಿಲ್ಲ. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಸುಣ್ಣವೋ ಉಪ್ಪೋ ನಿಮ್ಮಿಷ್ಟ.

ತಂಡಕ್ಕೆ ಮೂರೇ ಜನ ಸಾಕು. ಒಬ್ಬರು ಆ ಕೇರಿಯವರೇ ಆಗಿರಲಿ. ಆಶಾ ಕಾರ್ಯಕರ್ತೆಗೆ ಹಿಂದಿನ ದಿನವೇ ಹೇಳಿ.

ಅಂಗಳದಲ್ಲಿ ನಿಂತು ಏನು ಹೇಳಬೇಕು?

"ನಿಮ್ಮನೆ ಚೆಕ್ ಮಾಡ್ಬೇಕು" ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು. "ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಅನ್ನಿ. ನೀರಿನ ಜೊತೆ ಬೆಲ್ಲವೂ ಬರುತ್ತದೆ, ಮಾತೂ ಬರುತ್ತದೆ. "ನಮ್ಮನೇಲಿ ಸೊಳ್ಳೆನೇ ಇಲ್ಲ ಮಾರಾಯ" ಅಂತ ಹೇಳಿಯೇ ಹೇಳುತ್ತಾರೆ. ಒಪ್ಪಿಕೊಳ್ಳಿ. ಆಮೇಲೆ ಅವರನ್ನೇ ಮುಂದೆ ಬಿಟ್ಟು ಹಿತ್ತಿಲು ತೋರಿಸಲು ಕೇಳಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತು ಮಾಡಿತು. ಆ ಮಾತನ್ನು ನೀವು ಎತ್ತಲೇಬೇಡಿ. ಮುಂದಿನ ವಾರ ಬಾಗಿಲು ತೆಗೆಯುವುದಿಲ್ಲ.

ನೋಡುವುದು

ಎಲ್ಲರೂ ಸೋಲುವುದು ಇಲ್ಲೇ. ಡ್ರಮ್ಮಿನ ಮುಚ್ಚಳ ತೆಗೆದು, ಬಗ್ಗಿ, "ಏನಿಲ್ಲ" ಅಂತ ಬರೆದು ಮುಂದಿನ ಮನೆಗೆ ಹೋಗುತ್ತಾರೆ. ಐದು ಸೆಕೆಂಡಿನ ಕೆಲಸ, ಪೂರ್ತಿ ಸುಳ್ಳು.

ನಡೆಯುವುದು ಏನೆಂದರೆ, ನಿಮ್ಮ ನೆರಳು ನೀರಿನ ಮೇಲೆ ಬಿದ್ದ ಕೂಡಲೇ ಮರಿಗಳು ತಳಕ್ಕೆ ಇಳಿಯುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳಂತೂ ಬೆಳಕು ಕಂಡರೆ ಓಡುತ್ತವೆ. ಹಾಗಾಗಿ ಮುಚ್ಚಳವನ್ನು ಮೆಲ್ಲಗೆ ಸರಿಸಿ. ಪಾತ್ರೆಯನ್ನು ಅಲ್ಲಾಡಿಸಬೇಡಿ. ಟಾರ್ಚನ್ನು ನೇರ ಮೇಲಿನಿಂದ ಬಿಡದೆ ಓರೆಯಾಗಿ ಹಿಡಿಯಿರಿ. ಈಗ ಸುಮ್ನೆ ನಿಲ್ಲಿ. ಎರಡು ನಿಮಿಷ. ಮೊಬೈಲ್ ತೆಗೆಯದೆ. ಮರಿಗೆ ಉಸಿರು ಬೇಕು, ಮೇಲೆ ಬರಲೇಬೇಕು. ಮೊದಲು ಒಂದು ಬರುತ್ತದೆ, ಹಾವಿನ ಹಾಗೆ ಮೈ ಬಳುಕಿಸುತ್ತಾ. ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತದೆ. ಅದರ ಹಿಂದೆ ಇನ್ನೊಂದು. ಆಮೇಲೆ ಹತ್ತು. ಆಗ ಬಟ್ಟಲಿನ ಅಂಚನ್ನು ಓರೆ ಮಾಡಿ ಒಂದೇ ಸಲಕ್ಕೆ ಅದ್ದಿ ತೆಗೆಯಿರಿ. ನಿಧಾನ ಮಾಡಿದರೆ ತಪ್ಪಿಸಿಕೊಳ್ಳುತ್ತವೆ. ಚಿಪ್ಪು, ಬಾಟಲಿ ಮುಚ್ಚಳದಂಥ ಸಣ್ಣ ಜಾಗಕ್ಕೆ ಫಿಲ್ಲರ್.

ಬಟ್ಟಲಲ್ಲಿ ನೇತಾಡುವ ರೀತಿ ನೋಡಿ. ಉಸಿರಾಡುವ ನಳಿಕೆ ಗಿಡ್ಡ, ಮೈ ಹೆಚ್ಚುಕಡಿಮೆ ನೇರ ಕೆಳಕ್ಕೆ ಇದ್ದರೆ ಈಡಿಸ್. ನಳಿಕೆ ಸಪೂರ, ಉದ್ದ, ಮೈ ಓರೆ ಇದ್ದರೆ ಕ್ಯೂಲೆಕ್ಸ್. ಕಡ್ಡಿಯ ಹಾಗೆ ನೀರಿನ ಮೇಲೆ ಅಡ್ಡ ಮಲಗಿದ್ದರೆ ಅನಾಫಿಲಿಸ್, ಮಲೇರಿಯಾದ್ದು. ಅಲ್ಪವಿರಾಮದ ಆಕಾರದಲ್ಲಿ ದಪ್ಪ ತಲೆಯವು ಕಂಡರೆ ಅವು ಕೋಶದ ಹಂತಕ್ಕೆ ಬಂದಿವೆ, ಒಂದೆರಡು ದಿನದಲ್ಲಿ ಹಾರುತ್ತವೆ. ಅಂಥ ಮನೆಯ ಕೆಲಸವನ್ನು ಅವತ್ತೇ ಮುಗಿಸಿ. ಕೆಂಪು ಹುಳ ಕಂಡು ಕಿರುಚುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅದು ಸೊಳ್ಳೆಯಲ್ಲ, ಕಚ್ಚುವುದೂ ಇಲ್ಲ. ಗೊದಮೊಟ್ಟೆ ಸಿಕ್ಕರೆ ಹಾಗೇ ಕೆರೆಗೋ, ತೋಟದ ನೀರು ಬಸಿಯುವ ಕಾದಿಗೆಗೋ ಬಿಟ್ಟುಬಿಡಿ.

ಎಲ್ಲಿ ಹುಡುಕುವುದು? ಚರಂಡಿಯಲ್ಲಲ್ಲ. ಈಡಿಸ್‌ಗೆ ನಿಂತ ತಿಳಿನೀರು ಇಷ್ಟ. ಬಚ್ಚಲಿನ ತೊಟ್ಟಿ, ಕೊಟ್ಟಿಗೆಯ ಬಾನಿ, ಹಿತ್ತಿಲಲ್ಲಿ ಬಿಟ್ಟ ಒರಳುಕಲ್ಲು, ಸೂರಿಗೆ ಕಟ್ಟಿದ ದಂಬೆಯಲ್ಲಿ ಎಲೆ ಕಟ್ಟಿಕೊಂಡ ಜಾಗ, ಸೌದೆಗೆ ಹೊದಿಸಿದ ಟಾರ್ಪಾಲಿನ ಮಡಿಕೆ, ಹಳೇ ಟೈರು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ರಬ್ಬರ್ ತೋಟವಿದ್ದರೆ ಹಾಲು ಹಿಡಿಯುವ ಚಿಪ್ಪುಗಳು. ಪ್ರವಾಸಿಗಳು ಜಾಸ್ತಿ ಬರುವ ಆಗುಂಬೆ, ಜೋಗದ ದಾರಿಯ ಊರಾದರೆ ರಸ್ತೆ ಬದಿಯ ಲೋಟಗಳನ್ನೂ ಬಿಡಬೇಡಿ. ಹೆಕ್ಕಿದ್ದನ್ನು ಬಾಯಿ ಕಟ್ಟಿ ಸೂರಿನ ಕೆಳಗೆ ಇಡಿ, ಅವತ್ತೇ ಪಂಚಾಯಿತಿ ಗಾಡಿಗೆ ಹಾಕಿ. ಸುಡಬೇಡಿ.

ಚೆಲ್ಲುವುದು, ಉಜ್ಜುವುದು

ಒಣ ನೆಲಕ್ಕೇ ಚೆಲ್ಲಿ, ಮರಿ ಅಲ್ಲೇ ಸಾಯುತ್ತದೆ. ಆದರೆ ಚೆಲ್ಲಿದರೆ ಅರ್ಧ ಕೆಲಸ ಅಷ್ಟೇ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ ತಾಗಿದ ಒದ್ದೆ ಗೋಡೆಯ ಮೇಲೆ. ಕುಟ್ಟಿದ ಮೆಣಸಿನ ಪುಡಿಯಂಥ ಕರಿ ಚುಕ್ಕೆಗಳು, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅವು ಒಣಗಿ ತಿಂಗಳುಗಟ್ಟಲೆ ಇದ್ದು, ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತವೆ. ಅದಕ್ಕೇ ತೆಂಗಿನ ನಾರು. ನೀರಿನ ಗೆರೆ ಇದ್ದಲ್ಲಿ ಸುತ್ತಲೂ ಗರಗರ ಉಜ್ಜಿ. ನಿಮ್ಮ ಎದುರಿಗೇ ಮನೆಯವರಿಂದಲೇ ಉಜ್ಜಿಸಿದರೆ ಇನ್ನೂ ಒಳ್ಳೆಯದು. ಸೆಕೆಯ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಉಜ್ಜಲೇಬೇಕು.

ಒರಳುಕಲ್ಲನ್ನು ಮಗುಚುವ ಸಾಹಸ ಬೇಡ. ಮಣ್ಣು ತುಂಬಿಸಿ. ಚೆಲ್ಲಲಾಗದ ತೊಟ್ಟಿಗೆ ಹಳೇ ಪಂಚೆ ಕಟ್ಟಿ. ಔಷಧಿ ಹಾಕಲೇಬೇಕಾದರೆ ಟೆಮಿಫಾಸ್ ಅನ್ನು ಆರೋಗ್ಯ ಸಿಬ್ಬಂದಿಯೇ ಅಳೆದು ಹಾಕಲಿ. ಕಣ್ಣಳತೆಯಲ್ಲಿ ಸುರಿಯುವ ಕೆಲಸ ಅಲ್ಲ ಅದು.

ಅಡ್ಡದಾರಿಗಳು

ಸೀಮೆಎಣ್ಣೆ, ಸುಟ್ಟ ಆಯಿಲ್ ಅನ್ನು ತೋಟದ ಕಾದಿಗೆಗೆ ಸುರಿಯುವವರಿದ್ದಾರೆ. ಹರಿಯುವ ನೀರಿನಲ್ಲಿ ಈಡಿಸ್ ಇರುವುದೇ ಇಲ್ಲ. ಅಲ್ಲಿ ಸಾಯುವುದು ಮೀನು, ಗೊದಮೊಟ್ಟೆ ಮತ್ತು ಏರೋಪ್ಲೇನ್ ಚಿಟ್ಟೆಯ ಮರಿ. ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಎರಡೂ ಸೊಳ್ಳೆ ಮರಿ ತಿನ್ನುವಂಥವು! ಸೊಳ್ಳೆ ಮರಿ ತಿನ್ನಲಿ ಅಂತ ಗಂಬೂಸಿಯಾ ಮೀನನ್ನು ಹಳ್ಳಕ್ಕೆ ಬಿಡುವುದೂ ಅಷ್ಟೇ ದಡ್ಡತನ. ಅದು ಹೊರಗಿನ ಮೀನು, ನಮ್ಮ ಹಳ್ಳದ ಸಣ್ಣ ಮೀನು, ಕಪ್ಪೆ ಮರಿಗಳ ಮೇಲೆ ಬೀಳುತ್ತದೆ. ಸೊಳ್ಳೆ ತಿನ್ನುವ ಮೀನು ಏನಿದ್ದರೂ ಹೊರಗೆ ಹರಿಯದ ಸಿಮೆಂಟ್ ತೊಟ್ಟಿಗೆ.

ಇನ್ನು ಫಾಗಿಂಗ್. ಎಲ್ಲರಿಗೂ ಹೊಗೆ ಕಂಡರೆ ಸಮಾಧಾನ. ಅದು ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಡೆಂಗಿ ಹಬ್ಬಿದಾಗ ಇಲಾಖೆಯವರು ಮಾಡುತ್ತಾರೆ, ಮಾಡಲಿ. ಜೇನುಪೆಟ್ಟಿಗೆ ಇಟ್ಟವರಿಗೆ ಮೊದಲೇ ತಿಳಿಸುವ ಕೆಲಸ ನೀವು ಮಾಡಿ. ತುಡುವೆ ಜೇನಿಗೆ ಆ ಹೊಗೆ ವಿಷ.

ತೋಟದ ಹಾಳೆ

ಮಲೆನಾಡಿನಲ್ಲಿ ಮನೆ ಸ್ವಚ್ಛ ಮಾಡಿ ತೋಟ ಬಿಟ್ಟರೆ ಏನೂ ಮಾಡಿದ ಹಾಗಲ್ಲ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಎಕರೆಗೆ ಐನೂರು ಮರ ಹಿಡಿದರೂ 3000 ಹಾಳೆ ಆಯಿತು. ದೋಣಿಯ ಹಾಗೆ ಮೇಲ್ಮುಖವಾಗಿ ಬಿದ್ದ ಒಂದೊಂದರಲ್ಲೂ ಲೋಟದಷ್ಟು ನೀರು. ಬೆನ್ನ ಮೇಲೆ ಒಂಟಿ ಬಿಳಿ ಗೆರೆಯ ಸೊಳ್ಳೆ ತೋಟದಲ್ಲಿ ಹಗಲು ಹೊತ್ತು ಕಚ್ಚುತ್ತದಲ್ಲ, ಅದೂ ಈಡಿಸ್ ಜಾತಿಯೇ. ಅದಕ್ಕೆ ಹಾಳೆಯೇ ತೊಟ್ಟಿಲು.

ವಾರಕ್ಕೊಮ್ಮೆ ಹಾಳೆ ಹೆಕ್ಕಿ ಸೂರಿನ ಕೆಳಗೆ ಒಟ್ಟಿ. ತಟ್ಟೆ ಮಾಡುವವರು ಕೊಳ್ಳುತ್ತಾರೆ, ಆದರೆ ಮಳೆಗೆ ನೆನೆದು ಕಪ್ಪಾದದ್ದನ್ನು ಮುಟ್ಟುವುದಿಲ್ಲ. ಬೇಗ ಹೆಕ್ಕಿದರೆ ದುಡ್ಡು. ತೋಟದ ಯಜಮಾನರಿಗೆ ನಾನು ಹೇಳುವುದು ಇದೊಂದೇ ಮಾತು, ಡೆಂಗಿಯ ಮಾತೇ ತೆಗೆಯುವುದಿಲ್ಲ. ಹೆಕ್ಕಲು ಆಳಿಲ್ಲ ಅಂದರೆ ನಡೆಯುವಾಗ ಕಾಲಲ್ಲೇ ಮಗುಚಿ ಹಾಕಿ, ನೀರು ನಿಲ್ಲದಿದ್ದರೆ ಸಾಕು.

ಬೇಸಿಗೆಯಲ್ಲಿ ಹೋದವರಿಗೆ ಒಂದು ಎಚ್ಚರಿಕೆ. ತೋಟದಲ್ಲೋ ಕಾಡಂಚಿನಲ್ಲೋ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಇದು ಸೊಳ್ಳೆಯದಲ್ಲ, ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಭಯ. ಅದು 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ.

ಲೆಕ್ಕ

ಸುಲಭ. 40 ಮನೆ ನೋಡಿ 6 ಮನೆಯಲ್ಲಿ ಮರಿ ಸಿಕ್ಕರೆ ನೂರಕ್ಕೆ 15. ಇದು ಮನೆ ಸೂಚ್ಯಂಕ. ಎಂಥ ಪಾತ್ರೆಯಲ್ಲಿ ಸಿಕ್ಕಿತು ಅನ್ನುವುದನ್ನೂ ಬರೆಯಿರಿ, ಮುಂದಿನ ಸಲ ಎಲ್ಲಿ ಮೊದಲು ಬಗ್ಗಬೇಕು ಅಂತ ಗೊತ್ತಾಗುತ್ತದೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ಆರೋಗ್ಯ ಕೇಂದ್ರಕ್ಕೆ. ಊರಿನ ವಾಟ್ಸ್ಆ್ಯಪ್ ಗುಂಪಿಗೆ ಯಾರ ಮನೆಯ ತೊಟ್ಟಿಯ ಫೋಟೊವನ್ನೂ ಹಾಕಬೇಡಿ. ಯಾವ ಮನೆಯಲ್ಲಾದರೂ ಜ್ವರದವರಿದ್ದರೆ ಅವತ್ತೇ ಆಶಾ ಕಾರ್ಯಕರ್ತೆಗೆ ಹೇಳಿ. ಹಗಲೂ ಸೊಳ್ಳೆ ಪರದೆಯೊಳಗೆ ಮಲಗಲಿ, ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ನುಂಗುವುದು ಬೇಡ.

ಹೊರಡುವ ಮೊದಲು ಮರಿ ಸಿಕ್ಕ ತೊಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಿರಿ. ಮಳೆ ತಾಗದ ಕಡೆ. ಮುಂದಿನ ಭಾನುವಾರ ಅದೇ ಮನೆಗೆ ಮತ್ತೆ ಹೋಗಬೇಕು. ಒಂದು ಮನೆಯ ಅಜ್ಜಿ ನಮ್ಮ ತಾರೀಕನ್ನು ಒರೆಸಿ, ತಾನು ಉಜ್ಜಿದ ದಿನ ಅಂತ ಕೆಳಗೆ ನಾಲ್ಕು ಗೀಟು ಎಳೆದಿಟ್ಟಿದ್ದರು. ಆದರೂ ಹುಡುಗರನ್ನು ನಾನು ಬಿಡಲಿಲ್ಲ. ಮುಚ್ಚಳ ಸರಿಸಿ ಎರಡು ನಿಮಿಷ ನಿಲ್ಲಿಸಿದೆ.