3,35,50,336: ಕಾಗದ-ಪೆನ್ನಿನಲ್ಲಿ ಒಂದು ಪರಿಪೂರ್ಣ ಸಂಖ್ಯೆ

ತನ್ನನ್ನು ಬಿಟ್ಟು ಉಳಿದೆಲ್ಲ ಅಪವರ್ತನಗಳನ್ನು ಕೂಡಿದಾಗ ಮತ್ತೆ ತಾನೇ ಸಿಗುವ ಸಂಖ್ಯೆ ಪರಿಪೂರ್ಣ ಸಂಖ್ಯೆ. 6, 28, 496, 8128 ಆದ ಮೇಲೆ ಐದನೆಯದು ಒಮ್ಮೆಗೇ 3,35,50,336. ಇದು ನಿಜವೇ ಎಂದು ಕಂಪ್ಯೂಟರ್ ಮುಟ್ಟದೆ ನೋಡಬೇಕೆನಿಸಿತು.

ಅಪವರ್ತನಗಳನ್ನು ಒಂದೊಂದಾಗಿ ಹುಡುಕಲು ಹೋಗಲಿಲ್ಲ. ಸಮಸಂಖ್ಯೆ ತಾನೆ, ಅರ್ಧ ಮಾಡುತ್ತಾ ಹೋದೆ: 1,67,75,168, ಆಮೇಲೆ 83,87,584, ಹೀಗೆ. ಹನ್ನೆರಡನೇ ಅರ್ಧಕ್ಕೆ 8191 ಬಂದು ನಿಂತಿತು. ಅಂದರೆ ಇದು 4096 × 8191. ಮೊದಲನೆಯದು 2ರ 12ನೇ ಘಾತ, ಎರಡನೆಯದು 2ರ 13ನೇ ಘಾತಕ್ಕೆ ಒಂದು ಕಡಿಮೆ. ಇನ್ನು ತಿಳಿಯಬೇಕಾದ್ದು ಒಂದೇ: 8191 ಅವಿಭಾಜ್ಯವೇ?

ನನಗೆ ಅತ್ಯಂತ ಇಷ್ಟವಾದ ಭಾಗ ಇದು. 8191ರ ವರ್ಗಮೂಲ 90ಕ್ಕಿಂತ ತುಸು ಹೆಚ್ಚು. ಅಷ್ಟರೊಳಗೆ 24 ಅವಿಭಾಜ್ಯ ಸಂಖ್ಯೆಗಳಿವೆ, ಎಲ್ಲವುಗಳಿಂದ ಭಾಗಿಸಿ ನೋಡಬಹುದು. ಆದರೆ ಗಣಿತಜ್ಞ ಫರ್ಮಾನ ಕಿರು ಪ್ರಮೇಯ ಆ ಶ್ರಮ ಉಳಿಸುತ್ತದೆ. ಯಾವುದಾದರೂ ಅವಿಭಾಜ್ಯ ಸಂಖ್ಯೆ 8191ನ್ನು ಭಾಗಿಸುವುದಾದರೆ, ಅದರಿಂದ 1 ಕಳೆದಾಗ ಉಳಿಯುವುದು 13ರ ಗುಣಕವಾಗಿರಲೇಬೇಕು. ಅದು ಬೆಸವೂ ಹೌದಾದ್ದರಿಂದ 26ರ ಗುಣಕಕ್ಕೆ 1 ಕೂಡಿದ ರೂಪದಲ್ಲಿರುತ್ತದೆ. 90ರೊಳಗೆ ಅಂಥವು 27, 53, 79 ಮಾತ್ರ. 27 ಅವಿಭಾಜ್ಯವಲ್ಲ. ಇನ್ನೊಂದು ನಿಯಮವೂ ಇದೆ: ಅಂಥ ಅಪವರ್ತನವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 53ಕ್ಕೆ ಶೇಷ 5, ಅದೂ ಹೋಯಿತು. ಉಳಿದದ್ದು 79 ಒಂದೇ. 79 × 103 = 8137, ಶೇಷ 54. ಒಂದೇ ಒಂದು ಭಾಗಾಕಾರದಲ್ಲಿ 8191 ಅವಿಭಾಜ್ಯವೆಂದು ಖಚಿತವಾಯಿತು!

ಇನ್ನು ಕೂಡುವ ಕೆಲಸ. 1, 2, 4 ಎಂದು 4096ರವರೆಗಿನ ಮೊತ್ತ 8191. ಉಳಿದ ಅಪವರ್ತನಗಳು 8191ನ್ನು 1, 2, 4... 2048ರಿಂದ ಗುಣಿಸಿದವು, ಅವುಗಳ ಮೊತ್ತ 8191 × 4095, ಅಂದರೆ 3,35,42,145. ಇದಕ್ಕೆ ಮೊದಲಿನ 8191 ಸೇರಿಸಿದರೆ ಸರಿಯಾಗಿ 3,35,50,336. ಯೂಕ್ಲಿಡ್ ತೋರಿಸಿದ ದಾರಿಯೇ ಇದು. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಇದೇ ರೂಪದವು ಎಂದು ಆಯ್ಲರ್ ಸಾಧಿಸಿದ.

ಅವಿಭಾಜ್ಯತೆಯ ಪರೀಕ್ಷೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2047 ನೋಡಿ. ಅದು 2ರ 11ನೇ ಘಾತಕ್ಕೆ ಒಂದು ಕಡಿಮೆ, 11 ಅವಿಭಾಜ್ಯವೇ; ಆದರೂ 2047 = 23 × 89. ಹಾಗಾಗಿ 1024 × 2047 ಪರಿಪೂರ್ಣವಲ್ಲ.

0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ 3,35,50,336 ಹದಿಮೂರು ಒಂದುಗಳು, ಅವುಗಳ ಹಿಂದೆ ಹನ್ನೆರಡು ಸೊನ್ನೆಗಳು. 1ರಿಂದ 127ರವರೆಗಿನ ಬೆಸಸಂಖ್ಯೆಗಳ ಘನಗಳನ್ನು ಕೂಡಿದರೂ ಇದೇ ಸಂಖ್ಯೆ. ಅಂಕಿಗಳ ಮೊತ್ತ 28, ಅದೂ ಪರಿಪೂರ್ಣ ಸಂಖ್ಯೆ!

ಆರನೆಯದು 858,98,69,056, ಅಂದರೆ 65,536 × 1,31,071. 1,31,071 ಎಂದರೆ 2ರ 17ನೇ ಘಾತಕ್ಕೆ ಒಂದು ಕಡಿಮೆ; 13ರ ಜಾಗದಲ್ಲಿ 17 ಇಟ್ಟು ಇದೇ ಎರಡು ನಿಯಮ ಹಚ್ಚಿದರೆ ಅದಕ್ಕೆ ಪರೀಕ್ಷಿಸಬೇಕಾದವು 103, 137, 239 ಮೂರೇ.